ಬಡ್ತಿಯೂ ಅನುಮತದ ಹೊಣೆಯೂ

ಮಗನೋ ಮಗಳೋ ಬೆಂಗಳೂರಿನ ಕಂಪನಿಯೊಂದರಲ್ಲಿ ಸೀನಿಯರ್ ಸಾಫ್ಟ್‌ವೇರ್ ಡೆವಲಪರ್ ಆದ ಸುದ್ದಿ ಬಂದೊಡನೆ ಜೈನ ಕುಟುಂಬಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ, ಸಂಬಳ ಎಷ್ಟಾಯಿತು ಎಂಬುದು. ಬಸದಿಯ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಸನ್ಮಾನಿಸುವ ಟ್ರಸ್ಟುಗಳೂ ಆ ಅಂಕಿಯನ್ನೇ ಯೋಗ್ಯತೆಯ ಅಳತೆಗೋಲಾಗಿ ಹಿಡಿಯುತ್ತವೆ. ಬಡ್ತಿಯೆಂದರೆ ದುಡಿಮೆ ತಗ್ಗಿತು, ಅಧಿಕಾರ ಹೆಚ್ಚಿತು ಎಂಬ ಭಾವನೆ ಮನೆಮಂದಿಯಲ್ಲಿಯೂ, ಎಷ್ಟೋ ವೇಳೆ ಬಡ್ತಿ ಪಡೆದವರಲ್ಲಿಯೂ ಬೇರೂರಿದೆ. ಈ ಭಾವನೆ ತಪ್ಪು ಮಾತ್ರವಲ್ಲ, ಧರ್ಮದೃಷ್ಟಿಯಿಂದ ಅಪಾಯಕಾರಿಯೂ ಹೌದು.

ಕಿರಿಯ ಡೆವಲಪರರಿಗೆ ಕೆಲಸವನ್ನು ಅಳೆದು ಕೊಡಲಾಗುತ್ತದೆ. ಒಪ್ಪಿಸಿದ ಭಾಗಕ್ಕೆ ಕೋಡ್ ಬರೆದು ಅದು ಸರಿಯಾಗಿ ಓಡುವಂತೆ ಮಾಡಿದರೆ ಅವರ ದಿನ ಮುಗಿಯಿತು. ಹಿರಿಯರಾದವರು ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಇತರರು ಬರೆದುದನ್ನು ಪರಿಶೀಲಿಸಿ ಒಪ್ಪಿಗೆ ಕೊಡುವುದು, ಬೇಡದ್ದನ್ನು ಬೇಡವೆನ್ನುವುದು, ಉಪಯೋಗ ತಪ್ಪಿದ ಹಳೆಯ ಕೋಡನ್ನು ತೆಗೆದುಹಾಕುವುದು, ಇಂದಿನ ತೀರ್ಮಾನದ ಫಲವನ್ನು ಮುಂದೆ ಯಾರು ಉಣ್ಣಬೇಕಾದೀತೆಂದು ಯೋಚಿಸುವುದು ಅವರ ಕಾಯಕವಾಗುತ್ತದೆ. ಅಂಗಡಿಯ ಲೆಕ್ಕ ಬಲ್ಲ ಕುಟುಂಬಗಳಿಗೆ ಇದು ಹೊಸದಲ್ಲ. ಕಿರ್ದಿ ಬರೆಯುವವನು ಗುಮಾಸ್ತ. ರುಜು ಹಾಕುವವನು ಯಜಮಾನ. ಲೆಕ್ಕ ತಪ್ಪಿದಾಗ ಜನ ನೋಡುವುದು ರುಜುವನ್ನು.

ಜೈನಶಾಸ್ತ್ರವು ಈ ಹೊಣೆಯನ್ನು ಬಹು ಹಿಂದೆಯೇ ವಿಂಗಡಿಸಿಟ್ಟಿದೆ. ತಾನು ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಮಾಡಿದ್ದನ್ನು ಒಪ್ಪಿದ್ದು ಅನುಮತ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯವು ಆಸ್ರವವನ್ನು ವಿವರಿಸುವಾಗ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮೂರು ಯೋಗಗಳಿಂದಲೂ, ಕೃತ-ಕಾರಿತ-ಅನುಮತಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸುತ್ತದೆ. ಬರುವ ಮೊತ್ತ 108. ಜಪಮಾಲೆ ಹಿಡಿಯುವ ಪ್ರತಿ ಮನೆಗೂ ಈ ಸಂಖ್ಯೆ ಗೊತ್ತು. ಅದರಲ್ಲಿ 36 ಭೇದಗಳು ಬರಿಯ ಒಪ್ಪಿಗೆಗೇ ಸೇರಿವೆಯೆಂಬುದು ಮಾತ್ರ ಮರೆತುಹೋಗಿದೆ. ಕಿರಿಯರ ವೃತ್ತಿಜೀವನ ಹೆಚ್ಚಾಗಿ ಕೃತದಲ್ಲಿ ಸಾಗಿದರೆ ಹಿರಿಯರದು ಕಾರಿತ-ಅನುಮತಗಳಲ್ಲಿ ಸಾಗುತ್ತದೆ. ಕೀಲಿಮಣೆಯಿಂದ ಕೈ ದೂರವಾದ ಮಾತ್ರಕ್ಕೆ ಆಸ್ರವದ ಬಾಗಿಲು ಮುಚ್ಚುವುದಿಲ್ಲ.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಯ ಪ್ರಸಂಗವನ್ನು ನೋಡಬಹುದು. 2003ರಿಂದ ಬಳಕೆಯಲ್ಲಿಲ್ಲದ ಕೋಡ್ ಅದರ ವ್ಯವಸ್ಥೆಯಲ್ಲಿ ಹಾಗೆಯೇ ಉಳಿದಿತ್ತು. 2012ರಲ್ಲಿ ಹೊಸ ತಂತ್ರಾಂಶವನ್ನು ಅಳವಡಿಸಿದಾಗ 8 ಸರ್ವರುಗಳ ಪೈಕಿ ಒಂದಕ್ಕೆ ಅದು ತಲುಪಲಿಲ್ಲ. ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ನಿಯಮವೂ ಇರಲಿಲ್ಲ. ಆಗಸ್ಟ್ 1ರಂದು ಪೇಟೆ ತೆರೆಯುವ ಮೊದಲೇ ಯಂತ್ರವು 97 ಇ-ಮೇಲ್‌ಗಳನ್ನು ಸಿಬ್ಬಂದಿಗೆ ಕಳುಹಿಸಿತು. ಅವುಗಳ ಮೇಲೆ ಯಾರೂ ಕ್ರಮ ಕೈಗೊಳ್ಳಲಿಲ್ಲ. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು. ಅಲ್ಲಿ ದುರುದ್ದೇಶವಿರಲಿಲ್ಲ, ಪ್ರಮಾದವಿತ್ತು. ಪ್ರಮಾದವನ್ನು ಹಿಂಸೆಯ ಮೂಲವೆಂದ ಧರ್ಮದವರಿಗೆ ಇದಕ್ಕಿಂತ ಬೇರೆ ಎಚ್ಚರಿಕೆ ಬೇಕಿಲ್ಲ.

ಕಂಪನಿ ಹೇಳಿದಂತೆ ಮಾಡುವ ನೌಕರರಿಗೆ ಪಾಪವೆಲ್ಲಿಂದ ಬಂತು ಎಂದು ಕೆಲವರು ವಾದಿಸುವುದುಂಟು. ಲೋಕದ ನ್ಯಾಯಾಲಯವೇ ಈ ವಾದವನ್ನು ಒಪ್ಪಿಲ್ಲ. ಪರೀಕ್ಷೆಯ ಹೊತ್ತನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಸಂಸ್ಥೆ ತನ್ನ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದುದು 2015ರಲ್ಲಿ ಬಯಲಾಯಿತು. ಈ ಪ್ರಕರಣದಲ್ಲಿ ಅಲ್ಲಿನ ಎಂಜಿನಿಯರ್ ಒಬ್ಬರಿಗೆ 2017ರಲ್ಲಿ ಅಮೆರಿಕದ ನ್ಯಾಯಾಲಯವು 40 ತಿಂಗಳ ಸೆರೆವಾಸ ವಿಧಿಸಿತು. ಆಜ್ಞೆ ಮೇಲಿನಿಂದ ಬಂದೀತು. ಒಪ್ಪಿಗೆ ಮಾತ್ರ ಒಪ್ಪಿದವರದೇ.

ಹೀಗಿರುವಾಗ ಹುದ್ದೆಯೊಡನೆ ಮನೋಧರ್ಮವೂ ಬದಲಾಗಬೇಕು. ತಾನೊಬ್ಬನೇ ಬಲ್ಲ ಭಾಗವನ್ನು ಯಾರಿಗೂ ತಿಳಿಸದೆ ಕಾಪಾಡಿಕೊಳ್ಳುವುದು ಕೆಲಸದ ಭದ್ರತೆಯಲ್ಲ, ಪರಿಗ್ರಹ. ಕಿರಿಯರು ಎತ್ತಿ ತೋರಿಸಿದ ತಪ್ಪನ್ನು ಅವಮಾನವೆಂದು ತಿಳಿಯುವುದು ಮಾನಕಷಾಯ. ಎಡವಿದ ಕಿರಿಯರನ್ನು ಸಭೆಯಲ್ಲಿ ಹಳಿಯದೆ ಪ್ರತ್ಯೇಕವಾಗಿ ಕರೆದು ತಿದ್ದಿ ನಿಲ್ಲಿಸುವುದು ಉಪಗೂಹನ, ಸ್ಥಿತಿಕರಣಗಳ ದಾರಿ. ಆದರೆ ತಂತ್ರಾಂಶದ ದೋಷವನ್ನೇ ಗ್ರಾಹಕರಿಂದ ಮುಚ್ಚಿಟ್ಟು ಅದನ್ನು ಉಪಗೂಹನವೆಂದು ಕರೆಯುವುದು ಸತ್ಯಾಣುವ್ರತಕ್ಕೆ ಬಗೆಯುವ ದ್ರೋಹ.

ಟ್ರಸ್ಟುಗಳು ತರುಣರನ್ನು ಸನ್ಮಾನಿಸಲಿ, ಆಕ್ಷೇಪವಿಲ್ಲ. ಶಾಲು ಹೊದಿಸುವ ಮೊದಲು ಎರಡು ಪ್ರಶ್ನೆ ಕೇಳಲಿ: ಎಷ್ಟು ಮಂದಿ ಕಿರಿಯರನ್ನು ಕೈಹಿಡಿದು ನಿಲ್ಲಿಸಿದಿರಿ? ಯಾವ ಕೆಲಸಕ್ಕೆ ಒಪ್ಪಿಗೆ ಕೊಡಲು ನಿರಾಕರಿಸಿದಿರಿ? ಮನೆಯ ಹಿರಿಯರೂ ಸಂಬಳದ ಮಾತಿಗೆ ಮುಂಚೆ ಇವನ್ನೇ ಕೇಳಲಿ. ಉತ್ತರ ಹೇಳಬಲ್ಲವರೇ ನಿಜವಾಗಿ ಬಡ್ತಿ ಪಡೆದವರು.