ಕಡ್ಡಾಯ ಯಾರಿಗೆ? ಮಕ್ಕಳಿಗೋ, ಸರ್ಕಾರಕ್ಕೋ?

ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಆಗಾಗ ತಲೆಯೆತ್ತುತ್ತದೆ. ಮಂತ್ರಿಮಹಾಶಯರೊಬ್ಬರು ಕ್ರೀಡಾಕೂಟಕ್ಕೆ ಬಂದು, ಬಲೂನು ಹಾರಿಸಿ, ಭಾಷಣ ಮುಗಿಸಿ ಕಾರು ಹತ್ತಿದೊಡನೆ ಮತ್ತೆ ಮಲಗಿಬಿಡುತ್ತದೆ. ಬೇಕು ಎನ್ನುವವರು ಇಂದಿನ ಹುಡುಗರಲ್ಲಿ ಶಿಸ್ತಿಲ್ಲ ಎಂದು ಕೊರಗುತ್ತಾರೆ. ಬೇಡ ಎನ್ನುವವರು ಅದನ್ನು ಮಕ್ಕಳ ಇಷ್ಟಕ್ಕೆ ಬಿಡಿ, ಹತ್ತನೆಯ ತರಗತಿಯ ಹೊರೆಯೇ ಸಾಕಾಗಿದೆ ಎನ್ನುತ್ತಾರೆ. ಶಾಲೆಯ ಮುಂದೆ ಬಯಲಿದೆ, ಆಡಿಸಲು ಮೇಷ್ಟರಿದ್ದಾರೆ, ಮಕ್ಕಳ ಹೊಟ್ಟೆಯಲ್ಲಿ ಓಡುವಷ್ಟು ಅನ್ನವಿದೆ ಎಂದು ಮಾತ್ರ ಎರಡೂ ಪಕ್ಷದವರು ಮೊದಲೇ ನಂಬಿಕೊಂಡಿದ್ದಾರೆ. ಈ ನಂಬಿಕೆ ಎಷ್ಟು ಗಟ್ಟಿಯೆಂದು ನೋಡೋಣ.

ಬೆಂಗಳೂರಿನ ಉತ್ತರ ಭಾಗವನ್ನೇ ತೆಗೆದುಕೊಳ್ಳೋಣ. ಜಿಲ್ಲೆಯ ಊರಿನಲ್ಲಿ ಕುಳಿತು ಪತ್ರಿಕೆ ಅಚ್ಚುಹಾಕುವ ನಮಗೆ ಯಲಹಂಕ, ಹೆಬ್ಬಾಳಗಳ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಗಾರೆ ಕೆಲಸಕ್ಕೆ, ಗಾರ್ಮೆಂಟ್ಸ್ ಹೊಲಿಗೆಗೆ ಹೋದವರ ಮಕ್ಕಳು ಓದುವುದು ಅಲ್ಲಿ. ಅಲ್ಲದೆ ರಾಜಧಾನಿಯ ಬಯಲಿಗೆ ಇಂದು ಬಂದ ಗತಿ ನಾಳೆ ನಮ್ಮ ಊರಿನ ಬಯಲಿಗೂ ಬಂದೀತು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ಸಾಗುವ ಬಳ್ಳಾರಿ ರಸ್ತೆಯ ಎರಡೂ ಬದಿಯ ನೆಲ ಚಿನ್ನವಾಯಿತು. ಆ ಸೀಮೆಯಲ್ಲಿ 'ಅಂತಾರಾಷ್ಟ್ರೀಯ' ಎಂದು ಹೆಸರಿಟ್ಟುಕೊಂಡ ಶಾಲೆಗಳಿವೆ. ಅಲ್ಲಿ ಹಸಿರು ಹಾಸಿದ ಬಯಲು, ಈಜುಕೊಳ, ಟೆನಿಸ್ ಅಂಕಣ, ಒಂದೊಂದು ಆಟಕ್ಕೂ ಒಬ್ಬೊಬ್ಬ ತರಬೇತುದಾರ. ಆ ಮಕ್ಕಳಿಗೆ ದೈಹಿಕ ಶಿಕ್ಷಣ ಕಡ್ಡಾಯವೇ ಎಂದು ಯಾರೂ ಚರ್ಚಿಸುವುದಿಲ್ಲ. ಶುಲ್ಕದೊಡನೆ ಅದೂ ಬಂತು. ಇತ್ತ ಆರ್.ಟಿ. ನಗರಕ್ಕೋ ಯಶವಂತಪುರಕ್ಕೋ ಬಂದರೆ, ಮನೆ ಕಟ್ಟಲೆಂದು ಹಂಚಿದ ನಿವೇಶನದ ಮೇಲೆ ಮೂರು ಅಂತಸ್ತು ಏರಿಸಿ 'ಪ್ರೌಢಶಾಲೆ' ಎಂದು ಫಲಕ ಹಾಕಿರುವ ಕಟ್ಟಡಗಳು ಕಾಣುತ್ತವೆ. ಅಲ್ಲಿ ಪ್ರಾರ್ಥನೆ ನಡೆಯುವುದು ತಾರಸಿಯ ಮೇಲೆ. ಆಟವೂ ಅಲ್ಲೇ, ನೀರಿನ ತೊಟ್ಟಿಗಳ ನಡುವೆ. ಸಂಜೆ ಚೆಂಡು ಹಿಡಿದು ಹೊರಟರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಹುಲ್ಲಿನ ಅಂಗಳ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ತಾಯಿ ಆ ಬಾಡಿಗೆ ತೆರಬಲ್ಲಳೇ?

ಯಲಹಂಕದ ಆಚೆ ಪ್ರಕಾಶ್ ಪಡುಕೋಣೆ, ರಾಹುಲ್ ದ್ರಾವಿಡ್ ಇಬ್ಬರ ಹೆಸರು ಹೊತ್ತ ಕ್ರೀಡಾ ಕೇಂದ್ರವಿದೆ. ಇಬ್ಬರೂ ನಾಡಿಗೆ ಕೀರ್ತಿ ತಂದವರು, ಅವರ ಮೇಲೆ ನಮಗೆ ತಕರಾರಿಲ್ಲ. ಆದರೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶರು ರ‍್ಯಾಕೆಟ್ ಹಿಡಿದು ಕಲಿತದ್ದೆಲ್ಲಿ? ಯಶವಂತಪುರಕ್ಕೆ ಕೂಗಳತೆಯ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಮಂಟಪದಲ್ಲಿ. ಮದುವೆಯಿಲ್ಲದ ದಿನ ಅದೇ ಅಂಕಣ. ಬಡಾವಣೆಯ ಜನ ತಮ್ಮ ಸ್ಥಳವನ್ನು ಹುಡುಗರಿಗೆ ಬಿಟ್ಟುಕೊಡುತ್ತಿದ್ದ ಕಾಲ ಅದು. ನಮ್ಮ ಹಳೆಯ ಪೇಟೆಗಳ ಗರಡಿಮನೆಗಳೂ ಹಾಗೆಯೇ ನಡೆದವು. ಹಮಾಲರು, ನೇಕಾರರು, ಗಾಡಿ ಹೊಡೆಯುವವರು ಕೈಯಿಂದ ಕಾಸು ಹಾಕಿ ಮಣ್ಣು ಹದಮಾಡಿ ಸಾಮು ತೆಗೆದರು. (ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ ಎಂಬುದನ್ನು ಹಳೆಯದನ್ನು ಹೊಗಳುವ ಭರದಲ್ಲಿ ಮರೆಯಬಾರದು.)

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದು ಸ್ಪಷ್ಟವಾಗಿ ಬರೆದಿದೆ. ಆದರೆ ಆ ಕಾಯಿದೆ 14 ವಯಸ್ಸಿಗೆ, ಎಂಟನೆಯ ತರಗತಿಗೆ ಬಂದು ನಿಲ್ಲುತ್ತದೆ. ಮೂಳೆ ಬೆಳೆಯುವ, ಮೈ ಮನಸ್ಸು ಎರಡೂ ಹೊಯ್ದಾಡುವ ಒಂಬತ್ತು, ಹತ್ತನೆಯ ತರಗತಿಯ ಹುಡುಗ ಹುಡುಗಿಯರು ಅದರ ನೆರಳಿನಿಂದ ಹೊರಗೆ. 2023ರಲ್ಲಿ ಹರಿಯಾಣದ ಒಂದು ಹಳ್ಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೈದಾನವಿಲ್ಲದ ಶಾಲೆ ಇರಕೂಡದು ಎಂದು ಹೇಳಿತು, ಶಾಲೆಯ ಬಯಲನ್ನು ಒತ್ತಿದವರನ್ನು ತೆರವು ಮಾಡಿಸಿತು. ಆ ಮಾತು ತಾರಸಿ ಶಾಲೆಗಳಿಗೆ ವರ್ಷವರ್ಷವೂ ಮಾನ್ಯತೆ ನವೀಕರಿಸುವ ವಿದ್ಯಾ ಇಲಾಖೆಯ ಕಿವಿಗೆ ಬಿದ್ದಂತಿಲ್ಲ.

ನೋಡಲು ಹೋದರೆ ನಮ್ಮ ರಾಜ್ಯದಲ್ಲಿ ದೈಹಿಕ ಶಿಕ್ಷಣ ಕಾಗದದ ಮೇಲೆ ಈಗಲೂ ಇದೆ. ವೇಳಾಪಟ್ಟಿಯಲ್ಲಿ ಪೀರಿಯಡ್ಡು ಇದೆ. ಎಂಟು, ಒಂಬತ್ತು, ಹತ್ತನೆಯ ತರಗತಿಗೆ ಸರ್ಕಾರವೇ ಪಠ್ಯಪುಸ್ತಕ ಅಚ್ಚು ಹಾಕಿಸಿದೆ. ಹುಡುಗ ಖೋ-ಖೋ ಅಂಕಣದ ಉದ್ದಗಲವನ್ನು ಬೆಂಚಿನ ಮೇಲೆ ಕುಳಿತು ಬಾಯಿಪಾಠ ಮಾಡಬಹುದು! ಆದರೆ 2024ರ ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಅದಕ್ಕೆ ಒಂದು ಅಂಕವೂ ಇರಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆಗೆ ಎಷ್ಟನೆಯ ಸ್ಥಾನವೆಂದು ಮೇಲಿನವರು ಗದರಿದ ದಿನ ಮುಖ್ಯೋಪಾಧ್ಯಾಯರು ಮೊದಲು ಕತ್ತರಿಸುವುದು ಆಟದ ಪೀರಿಯಡ್ಡನ್ನೇ. ಗಣಿತದ ಮೇಷ್ಟರು ಅದನ್ನು ಕಡ ಪಡೆಯುತ್ತಾರೆ. ಆ ಕಡ ತೀರುವುದೇ ಇಲ್ಲ.

ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ಡು ನಿಜವಾಗಿ ನಡೆದವು ಎಂದೇ ಇಟ್ಟುಕೊಳ್ಳಿ. ಒಟ್ಟು 80 ನಿಮಿಷವಾಯಿತು. ಸಾಲು ನಿಲ್ಲಿಸಿ ಹಾಜರಿ ಹಿಡಿಯುವುದರಲ್ಲಿ ಹತ್ತಿಪ್ಪತ್ತು ನಿಮಿಷ ಕಳೆಯಿರಿ. ಅರವತ್ತು ಮಕ್ಕಳಿಗೆ ಎರಡು ಚೆಂಡು ಎಂದರೆ ಒಬ್ಬೊಬ್ಬರ ಕೈಗೆ ಅದು ಎಷ್ಟು ಸಲ ಬಂದೀತು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದಿತು. ವಾರಕ್ಕೆ 420 ನಿಮಿಷ. ಅದೇ ಸಂಸ್ಥೆಯವರು 2016ರ ಅಂಕಿಗಳನ್ನು ಕೂಡಿಹಾಕಿ ನೋಡಿದಾಗ ಜಗತ್ತಿನ 11ರಿಂದ 17 ವಯಸ್ಸಿನವರಲ್ಲಿ ಶೇಕಡ 81 ಮಂದಿಗೆ ಸಾಕಷ್ಟು ಮೈಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ ಶೇಕಡ 78, ಹುಡುಗಿಯರಲ್ಲಿ 85.

ಹುಡುಗಿಯರ ಮಾತನ್ನು ಇನ್ನಷ್ಟು ಹೇಳಬೇಕು. 'ಇಷ್ಟಕ್ಕೆ ಬಿಡಿ' ಎಂಬ ವಾದ ನೆಲಕಚ್ಚುವುದು ಇಲ್ಲಿ. ಹುಡುಗನಿಗೆ ಶಾಲೆಯಲ್ಲಿ ಆಟವಿಲ್ಲದಿದ್ದರೆ ಗಲ್ಲಿ ಇದೆ, ಮರದ ತುಂಡನ್ನು ಬ್ಯಾಟು ಮಾಡಿಕೊಂಡಾನು. ಕೂಲಿಯವರ ಮನೆಯ ಹುಡುಗಿ ಶಾಲೆ ಬಿಟ್ಟೊಡನೆ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲಬೇಕು, ತಮ್ಮನನ್ನು ನೋಡಿಕೊಳ್ಳಬೇಕು, ಒಲೆ ಹೊತ್ತಿಸಬೇಕು. ಅವಳಿಗೆ ಓಡುವ ಹಕ್ಕು ಇರುವುದು ಶಾಲೆಯ ಗಂಟೆಯ ಒಳಗೆ ಮಾತ್ರ. ಆ ಪೀರಿಯಡ್ಡೂ ಐಚ್ಛಿಕವಾದರೆ ಅವಳ ಪರವಾಗಿ ಇಚ್ಛೆಯನ್ನು ಬೇರೆಯವರು ತಿಳಿಸುತ್ತಾರೆ: ವಯಸ್ಸಿಗೆ ಬಂದವಳಿಗೆ ಎಂಥ ಆಟ! ಗಣಿತವನ್ನು ನಾವು ಯಾರ ಇಷ್ಟಕ್ಕೂ ಬಿಟ್ಟಿಲ್ಲ. ಬಿಟ್ಟಿದ್ದರೆ ಬಡವರ ಮನೆಯ ಹೆಣ್ಣುಮಕ್ಕಳ ಪಾಲಿಗೆ ಅದೂ ತಪ್ಪುತ್ತಿತ್ತು.

ಆದರೆ ಓಡು ಎಂದು ಸೀಟಿ ಊದುವ ಮುನ್ನ ಆಕೆಯ ಮೈಯಲ್ಲಿ ರಕ್ತವಿದೆಯೇ ಎಂದು ಕೇಳಬೇಕಲ್ಲವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ. ನಮ್ಮ ರಾಜ್ಯದಲ್ಲಿ 2023ರಲ್ಲಿ ಒಂಬತ್ತು, ಹತ್ತನೆಯ ತರಗತಿಗೂ ಮೊಟ್ಟೆ ಬಂದದ್ದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಅದರ ವಿರುದ್ಧ ಮಡಿವಂತರು ಎಬ್ಬಿಸಿದ ಗದ್ದಲಕ್ಕಿಂತ ಆ ಮೊಟ್ಟೆ ಮಕ್ಕಳ ಓಟಕ್ಕೆ ಹೆಚ್ಚು ಸಹಾಯ ಮಾಡೀತು. ಬಟ್ಟೆ ಬದಲಿಸಲು ಒಂದು ಕೋಣೆ, ನೀರು ಬರುವ ಶೌಚಾಲಯ ಇವೂ ಆಟದ ಸಾಮಾನುಗಳೇ.

ಇನ್ನು ಶಿಸ್ತಿನ ಭಕ್ತರಿಗೆ ಒಂದು ಮಾತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1954ರಲ್ಲಿ, ಆಜಾದ್ ಹಿಂದ್ ಫೌಜಿನ ಜನರಲ್ ಭೋಂಸ್ಲೆಯವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಶಿಸ್ತು ಯೋಜನೆ ಎಂಬುದು ಶುರುವಾಯಿತು. ಮುಂದೆ ಕುಂಜ್ರು ಸಮಿತಿಯ ಸಲಹೆಯಂತೆ ಅದು ಬೇರೆ ಯೋಜನೆಗಳೊಡನೆ ಸೇರಿ 1965ರಲ್ಲಿ ರಾಷ್ಟ್ರೀಯ ದೇಹದಾರ್ಢ್ಯ ದಳವಾಯಿತು. ಅದರ ಉದ್ದೇಶ ಕೆಟ್ಟದ್ದೆಂದು ನಾವು ಹೇಳೆವು. ಆದರೆ ಶಾಲೆಗಳಲ್ಲಿ ಉಳಿದದ್ದು ಕವಾಯತು: ಸಾವಧಾನ, ವಿಶ್ರಾಮ, ಬಲಕ್ಕೆ ತಿರುಗು. ಆಜ್ಞೆಗೆ ಮೈ ಬಗ್ಗಿಸುವುದನ್ನು ಕಲಿಸುವ ಈ ವಿದ್ಯೆ ಕಾರ್ಖಾನೆಯ ಯಜಮಾನರಿಗೆ ಬಹಳ ರುಚಿಸೀತು. ಮಂತ್ರಿಗಳು ಬರುವ ದಿನ ಬಿಸಿಲಿನಲ್ಲಿ ಮೂರು ಗಂಟೆ ಮಕ್ಕಳನ್ನು ನಿಲ್ಲಿಸುವುದಕ್ಕೂ ಅನುಕೂಲ. ತಡವಾಗಿ ಬಂದವನಿಗೆ ಮೈದಾನ ಸುತ್ತಿಸುವುದು, ದಪ್ಪಗಿರುವವನನ್ನು ಎಲ್ಲರೆದುರು ನಗೆಪಾಟಲು ಮಾಡುವುದು ಇವೂ ದೈಹಿಕ ಶಿಕ್ಷಣದ ಹೆಸರಿನಲ್ಲೇ ನಡೆಯುತ್ತವೆ. ಇಂಥದ್ದನ್ನು ಕಡ್ಡಾಯ ಮಾಡಹೊರಟರೆ ನಾವು ವಿರೋಧ ಪಕ್ಷದಲ್ಲಿ ನಿಲ್ಲುತ್ತೇವೆ. ಅಂಕ ಕೊಡಿ ಎಂಬ ಸಲಹೆಯೂ ನಮಗೆ ಒಪ್ಪಿಗೆಯಿಲ್ಲ. ಅಂಕ ಬಂದ ಮರುದಿನವೇ ಅದಕ್ಕೂ ಟ್ಯೂಷನ್ನು ಬರುತ್ತದೆ. ಕಾಲು ಸ್ವಾಧೀನವಿಲ್ಲದ ಮಗುವಿಗೆ ಅದರ ಮೈಗೆ ಒಗ್ಗುವ ಆಟ ಸಿಗಬೇಕು. ಈಗ ಸಿಗುವುದು ಎಲ್ಲರ ಚಪ್ಪಲಿ ಕಾಯುವ ಕೆಲಸ.

ಇದನ್ನೆಲ್ಲ ಕಲಿಸಬೇಕಾದ ಮೇಷ್ಟರ ಸ್ಥಿತಿಯಾದರೂ ಏನು? ಅವರು ಗಂಟೆ ಬಾರಿಸಬೇಕು, ಸಾಲು ನಿಲ್ಲಿಸಬೇಕು, ರಜೆ ಹಾಕಿದವರ ತರಗತಿಯಲ್ಲಿ ಕೂರಬೇಕು, ಚುನಾವಣೆ ಬಂದರೆ ಅದಕ್ಕೂ ಓಡಬೇಕು. ತಮ್ಮನ್ನು ಉಳಿದ ವಿಷಯಗಳ ಶಿಕ್ಷಕರ ಸಮಾನವಾಗಿ ಕಾಣಿರಿ, ವೈದ್ಯನಾಥನ್ ವರದಿಯನ್ನು ಜಾರಿಗೆ ತನ್ನಿರಿ ಎಂದು ಅವರು ವರ್ಷಗಟ್ಟಲೆ ಮನವಿ ಸಲ್ಲಿಸಿದ್ದಾರೆ. ಸರ್ಕಾರಗಳು ಬದಲಾದವು, ವರದಿ ಬೀರುವಿನಲ್ಲಿ ಉಳಿಯಿತು. 2018ರಲ್ಲಿ ಸಿ.ಬಿ.ಎಸ್.ಇ.ಯವರು ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ದಿನಕ್ಕೊಂದು ಆಟದ ಪೀರಿಯಡ್ಡು ಕಡ್ಡಾಯ ಎಂದರು. ಬಯಲಿದ್ದ ಶಾಲೆಗೆ ಅದು ಸುಲಭವಾಯಿತು. ಬಯಲಿಲ್ಲದ ಶಾಲೆಗೆ ತುಂಬಲು ಇನ್ನೊಂದು ರಿಜಿಸ್ಟರಾಯಿತು.

ಆದ್ದರಿಂದ ಕಡ್ಡಾಯ ಬೇಕೇ ಎಂದು ಕೇಳಿದರೆ, ಬೇಕು ಎನ್ನುತ್ತೇವೆ. ಮೊದಲು ಸರ್ಕಾರಕ್ಕೆ, ಆಮೇಲೆ ಶಾಲೆಯ ಮಾಲೀಕನಿಗೆ, ಕೊನೆಗೆ ಮಗುವಿಗೆ. ಸ್ವಂತ ಬಯಲನ್ನಾಗಲಿ ಹತ್ತಿರದ ಸಾರ್ವಜನಿಕ ಬಯಲನ್ನಾಗಲಿ ಬರವಣಿಗೆಯಲ್ಲಿ ತೋರಿಸದ ಖಾಸಗಿ ಪ್ರೌಢಶಾಲೆಗೆ ಮಾನ್ಯತೆ ನವೀಕರಣ ನಿಲ್ಲಬೇಕು. ಸರ್ಕಾರಿ ಶಾಲೆಗಳ ಖಾಲಿ ಹುದ್ದೆ ತುಂಬಬೇಕು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರನ್ನು ಐದು ಪಾಲಿಕೆ ಮಾಡಿದರಲ್ಲ, ಆ ಉತ್ತರ ಪಾಲಿಕೆಯವರು ತಮ್ಮ ಉದ್ಯಾನಗಳಲ್ಲಿ ಶಾಲೆಯ ಹೊತ್ತಿಗೆ ಮಕ್ಕಳಿಗೆ ಜಾಗ ಬಿಡಲಿ. ಮತ್ತೀಕೆರೆಯಲ್ಲಿ ನಮ್ಮ ಜಯಪ್ರಕಾಶ ನಾರಾಯಣರ ಹೆಸರಿನಲ್ಲೇ ದೊಡ್ಡ ಉದ್ಯಾನವಿದೆ. ಅದರ ಒಂದು ಮೂಲೆಯಲ್ಲಿ ಸುತ್ತಲಿನ ಶಾಲೆಯ ಹುಡುಗಿಯರು ಕಬಡ್ಡಿ ಆಡಿದರೆ ಹುಲ್ಲು ಸವೆದೀತು, ಅಷ್ಟೆ.

ಉತ್ತರ ಬೆಂಗಳೂರಿನ ಸಂಗಾತಿಗಳು ಇಲಾಖೆಯ ಅಪ್ಪಣೆಗೆ ಕಾಯಬೇಕಾಗಿಲ್ಲ. ನಿಮ್ಮ ಬಡಾವಣೆಯ ಒಂದೊಂದು ಪ್ರೌಢಶಾಲೆಗೂ ಹೋಗಿ, ಬಯಲು ಎಷ್ಟು ಹೆಜ್ಜೆ ಉದ್ದ, ಎಷ್ಟು ಹೆಜ್ಜೆ ಅಗಲ, ಮೇಷ್ಟರು ಇದ್ದಾರೋ ಇಲ್ಲವೋ, ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತದೋ, ಕಳೆದ ತಿಂಗಳು ಹತ್ತನೆಯ ತರಗತಿಗೆ ಎಷ್ಟು ಆಟದ ಪೀರಿಯಡ್ಡು ನಡೆಯಿತು ಎಂದು ಬರೆದುಕೊಂಡು ಕಳಿಸಿರಿ. ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುತ್ತೇವೆ.