ಯಂತ್ರದ ಶಕ್ತಿ, ಯಜಮಾನನ ದೃಷ್ಟಿ

ಇತ್ತೀಚಿನ ವರ್ಷಗಳಲ್ಲಿ ನಮ್ಮ ಮಿರಜ-ಸಾಂಗಲಿ ಪ್ರಾಂತದ ಕನ್ನಡ ಮನೆಗಳಲ್ಲಿಯೂ ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಗಳು ಬಂದು ಕುಳಿತಿವೆ. ಹಿರಿಯರ ಕಣ್ಣಿಗೆ ಅದು ಬರಿಯ ಹುಡುಗಾಟ. ಹಣ ಹಾಳು, ಕಣ್ಣು ಹಾಳು, ಓದು ಹಾಳು ಎಂಬುದು ಅವರ ವಾದ. ಆ ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳುವಂತಿಲ್ಲ. ಆದರೆ ಆ ಪುಟ್ಟ ಪೆಟ್ಟಿಗೆಯನ್ನು ತಯಾರಿಸುವವರ ಜಗತ್ತನ್ನು ಒಮ್ಮೆ ಇಣುಕಿ ನೋಡಿದರೆ, ಉದ್ಯಮದ ನೇತೃತ್ವವೆಂದರೇನು, ಯಂತ್ರವನ್ನು ಆಯ್ದುಕೊಳ್ಳುವ ವಿವೇಕವೆಂದರೇನು ಎಂಬುದು ಮನದಟ್ಟಾಗುವುದು. ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡುತ್ತೇನೆ. ಅದರ ಪಕ್ಕದಲ್ಲಿ ನಮ್ಮ ಜಿಲ್ಲೆಯದೇ ಆದ ಕಿರ್ಲೋಸ್ಕರವಾಡಿಯ ಕಥೆಯನ್ನೂ ಇಟ್ಟು ನೋಡೋಣ.

ಮೊದಲು ಈ ವ್ಯಾಪಾರದ ಗುಟ್ಟನ್ನು ತಿಳಿಯಬೇಕು. ಹಿಂದೆ ಅನುಕೂಲವಂತರ ಮನೆಗಳಲ್ಲಿ ಗ್ರಾಮೋಫೋನ್ ಇರುತ್ತಿತ್ತು. ಪೆಟ್ಟಿಗೆಯನ್ನು ಕೊಳ್ಳುವುದು ಒಂದೇ ಸಲ. ತಟ್ಟೆಗಳನ್ನು ಕೊಳ್ಳುವುದು ಮತ್ತೆ ಮತ್ತೆ. ಮಿರಜದಲ್ಲಿ ನೆಲೆಸಿ ೧೯೩೭ರಲ್ಲಿ ಕಾಲವಾದ ಉಸ್ತಾದ್ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿಯೇ ಗದಗಿನ ಬಾಲಕ ಭೀಮಸೇನ ಜೋಶಿ ಸಂಗೀತದ ಹುಚ್ಚು ಹಿಡಿಸಿಕೊಂಡು ಮನೆ ಬಿಟ್ಟು ಹೊರಟದ್ದು ಪ್ರಸಿದ್ಧವಾದ ಸಂಗತಿ. ಅವನನ್ನು ಸೆಳೆದದ್ದು ಪೆಟ್ಟಿಗೆಯೊಳಗಿನ ಯಂತ್ರವಲ್ಲ, ತಟ್ಟೆಯೊಳಗಿನ ಸ್ವರ. ವಿಡಿಯೋ ಗೇಮಿನ ಪೆಟ್ಟಿಗೆಯೂ ಹಾಗೆಯೇ. ಕಂಪನಿಗಳು ಅನೇಕ ಸಲ ಪೆಟ್ಟಿಗೆಯನ್ನು ಅಸಲಿಗೋ ನಷ್ಟಕ್ಕೋ ಮಾರಿ, ಅದರಲ್ಲಿ ಆಡುವ ಆಟಗಳಿಂದಲೂ, ಆಟ ರಚಿಸುವ ಇತರರು ಕೊಡುವ ಶುಲ್ಕದಿಂದಲೂ ಲಾಭ ಪಡೆಯುತ್ತವೆ. ಆದ್ದರಿಂದ ಯಂತ್ರವನ್ನು ನಿಶ್ಚಯಿಸುವ ಯಜಮಾನನು ಏಕಕಾಲಕ್ಕೆ ಮೂವರನ್ನು ಮೆಚ್ಚಿಸಬೇಕು: ಕೊಳ್ಳುವ ಗೃಹಸ್ಥನನ್ನು, ಆಡುವ ಮಗುವನ್ನು, ಆಟ ರಚಿಸುವ ಕುಶಲಿಗನನ್ನು. ಒಮ್ಮೆ ಮಾಡಿದ ನಿಶ್ಚಯವನ್ನು ಐದಾರು ವರ್ಷ ಬದಲಿಸುವಂತಿಲ್ಲ.

ಈ ಕ್ಷೇತ್ರದ ಹಿರಿಯಣ್ಣನೆಂದರೆ ಜಪಾನಿನ ನಿಂಟೆಂಡೊ. ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಹನಫುದ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಅದು ಹುಟ್ಟಿತು. ೧೯೪೯ರಲ್ಲಿ ಹಿರೋಷಿ ಯಮಾವುಚಿ ಇನ್ನೂ ಇಪ್ಪತ್ತೆರಡರ ತರುಣನಾಗಿರುವಾಗಲೇ ಅದರ ಯಜಮಾನನಾದನು. ಅವನು ಯಂತ್ರಜ್ಞನಲ್ಲ, ಆಟಗಳನ್ನು ರಚಿಸಿದವನೂ ಅಲ್ಲ. ಆದರೆ ಮನುಷ್ಯರನ್ನು ಗುರುತಿಸುವ ಕಣ್ಣು ಅವನಿಗಿತ್ತು. ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳಲೆಂದು ೧೯೬೫ರಲ್ಲಿ ಸೇರಿದ ಗುನ್‌ಪೈ ಯೊಕೊಯಿ ಎಂಬ ತರುಣನು ಬೇಸರ ಕಳೆಯಲು ಚಾಚುವ ಕೈಯಂಥ ಒಂದು ಆಟಿಕೆಯನ್ನು ಮಾಡಿಕೊಂಡಿದ್ದನು. ಯಜಮಾನನು ಅದನ್ನು ಕಂಡು ಗದರಿಸಲಿಲ್ಲ. ಮಾರಾಟಕ್ಕೆ ಸಿದ್ಧಪಡಿಸೆಂದು ಹೇಳಿದನು. ಅದು ಜಪಾನಿನಲ್ಲಿ ಬಹಳ ಜನಪ್ರಿಯವಾಯಿತು.

ಈ ಯೊಕೊಯಿಯ ತತ್ತ್ವವೊಂದು ಉದ್ಯಮಿಗಳೆಲ್ಲ ಮನನ ಮಾಡತಕ್ಕದ್ದು. ಹೊಚ್ಚಹೊಸ ತಂತ್ರಜ್ಞಾನ ತುಟ್ಟಿ, ಅದರ ದೋಷಗಳೂ ಅಜ್ಞಾತ. ಬಳಸಿ ಬಳಸಿ ಹಣ್ಣಾದ ತಂತ್ರಜ್ಞಾನ ಅಗ್ಗ, ಅದರ ಗುಣಾವಗುಣಗಳೆಲ್ಲ ಗೊತ್ತಿದ್ದವು. ಅಂಥದನ್ನು ತೆಗೆದುಕೊಂಡು ಯಾರೂ ಊಹಿಸದ ಉಪಯೋಗಕ್ಕೆ ಹಚ್ಚುವುದೇ ಜಾಣತನ ಎಂಬುದು ಅವನ ಮತ. ರೈಲಿನಲ್ಲಿ ಪ್ರಯಾಣಿಕನೊಬ್ಬನು ಹೊತ್ತು ಹೋಗದೆ ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತಿದ್ದುದನ್ನು ಕಂಡು, ಅದೇ ಬಗೆಯ ಅಗ್ಗದ ಬಿಡಿಭಾಗಗಳಿಂದ ೧೯೮೦ರಲ್ಲಿ ಅಂಗೈಯಗಲದ ಆಟದ ಯಂತ್ರವನ್ನು ಹೊರತಂದನು. ೧೯೮೯ರಲ್ಲಿ ಬಂದ ‘ಗೇಮ್ ಬಾಯ್’ ಯಂತ್ರಕ್ಕೆ ಬಣ್ಣದ ಪರದೆ ಇರಲಿಲ್ಲ. ಅಟಾರಿ ಮತ್ತು ಸೆಗಾ ಕಂಪನಿಗಳ ಯಂತ್ರಗಳಿಗೆ ಬಣ್ಣವಿತ್ತು, ಬೆಳಕಿತ್ತು. ಆದರೆ ಅವು ಆರು ಬ್ಯಾಟರಿಗಳನ್ನು ಕೆಲವೇ ತಾಸುಗಳಲ್ಲಿ ತಿಂದು ಮುಗಿಸುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಬ್ಯಾಟರಿಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ನಡೆಯುತ್ತಿತ್ತು, ಬೆಲೆಯೂ ಕಡಿಮೆ. ಬಣ್ಣ ಸೇರಿಸಿದ ಅದರ ಮುಂದಿನ ರೂಪವನ್ನೂ ಕೂಡಿಸಿ ಅದು ೧೧ ಕೋಟಿ ೮೬ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತು ಬಡವನಿಗಷ್ಟೇ ಹೇಳಿದ್ದಲ್ಲ, ಬುದ್ಧಿವಂತನಿಗೂ ಹೇಳಿದ್ದು.

ಆದರೆ ಗೆದ್ದವನಿಗೆ ಗೆಲುವೇ ಶತ್ರು. ೧೯೮೩ರಲ್ಲಿ ತಂದ ‘ಫ್ಯಾಮಿಕಾಮ್’ ಯಂತ್ರದಿಂದ ಜಗತ್ತನ್ನೇ ಗೆದ್ದ ನಿಂಟೆಂಡೊ, ಆಟ ರಚಿಸುವವರ ಮೇಲೆ ಬಿಗಿಯಾದ ಕರಾರುಗಳನ್ನು ಹೇರಿತು. ಸೋನಿ ಕಂಪನಿಯೊಡನೆ ಕೂಡಿ ಯಂತ್ರ ಮಾಡುವ ಒಪ್ಪಂದವನ್ನು ೧೯೯೧ರಲ್ಲಿ ಮುರಿದುಕೊಂಡಿತು. ಅವಮಾನಿತವಾದ ಸೋನಿ ೧೯೯೪ರ ಡಿಸೆಂಬರದಲ್ಲಿ ತನ್ನದೇ ಆದ ‘ಪ್ಲೇಸ್ಟೇಶನ್’ ಯಂತ್ರವನ್ನು ಹೊರತಂದಿತು. ಅದರ ಆಟಗಳು ಅಗ್ಗದ ಸೀಡಿಯಲ್ಲಿ ಬರುತ್ತಿದ್ದವು. ೧೯೯೬ರಲ್ಲಿ ನಿಂಟೆಂಡೊ ಹೊರತಂದ ಯಂತ್ರ ಶಕ್ತಿಯಲ್ಲಿ ಕಡಿಮೆಯದಾಗಿರಲಿಲ್ಲ. ಆದರೆ ಯಮಾವುಚಿ ತುಟ್ಟಿಯಾದ ಹಳೆಯ ಕಾರ್ಟ್ರಿಜ್ ಪದ್ಧತಿಯನ್ನು ಬಿಡಲಿಲ್ಲ. ಆಟ ರಚಿಸುವ ದೊಡ್ಡ ದೊಡ್ಡ ಸಂಸ್ಥೆಗಳು ಸೋನಿಯ ಕಡೆಗೆ ಹೊರಟುಹೋದವು. ಪ್ಲೇಸ್ಟೇಶನ್ ಹತ್ತು ಕೋಟಿ ದಾಟಿತು. ನಿಂಟೆಂಡೊದ ಯಂತ್ರ ೩ ಕೋಟಿ ೨೯ ಲಕ್ಷಕ್ಕೆ ನಿಂತಿತು. ಯೊಕೊಯಿಯೂ ಎಡವದೆ ಇರಲಿಲ್ಲ. ೧೯೯೫ರಲ್ಲಿ ಅವನು ರೂಪಿಸಿದ, ಕಣ್ಣಿಗೆ ಹಚ್ಚಿಕೊಂಡು ನೋಡುವ ‘ವರ್ಚುಯಲ್ ಬಾಯ್’ ಒಂದು ವರ್ಷದೊಳಗೇ ಮೂಲೆ ಸೇರಿತು. ತತ್ತ್ವ ಎಷ್ಟು ಒಳ್ಳೆಯದಿದ್ದರೂ ಅದನ್ನು ಮಂತ್ರವೆಂದು ಜಪಿಸಿದರೆ ಫಲವಿಲ್ಲ. ಕೊಳ್ಳುವವನ ಕೈ, ಕಣ್ಣು, ಕಿಸೆಗಳನ್ನು ಪ್ರತಿಸಲವೂ ಹೊಸದಾಗಿ ನೋಡಬೇಕು.

ಸೆಗಾ ಕಂಪನಿಯ ಕಥೆ ಇನ್ನೂ ಕರುಣಾಜನಕ. ೧೯೯೫ರಲ್ಲಿ ತನ್ನ ‘ಸ್ಯಾಟರ್ನ್’ ಯಂತ್ರವನ್ನು ಅಮೇರಿಕೆಯಲ್ಲಿ ಸಪ್ಟಂಬರದಲ್ಲಿ ತರುವೆನೆಂದು ಸಾರಿ, ಪ್ರತಿಸ್ಪರ್ಧಿಗಿಂತ ಮುಂದಾಗುವ ಆತುರದಿಂದ ಮೇ ತಿಂಗಳಲ್ಲಿಯೇ ಕೆಲವೇ ಅಂಗಡಿಗಳಿಗೆ ಕಳಿಸಿತು. ಸರಕು ಸಿಗದ ಅಂಗಡಿಕಾರರು ಮುನಿದರು. ಆಟ ರಚಿಸುವವರು ಸಿದ್ಧರಿರಲಿಲ್ಲ. ಬೆಲೆಯೂ ಸೋನಿಯದಕ್ಕಿಂತ ನೂರು ಡಾಲರ್ ಹೆಚ್ಚು. ಕಳೆದುಕೊಂಡ ವಿಶ್ವಾಸವನ್ನು ೧೯೯೮ರಲ್ಲಿ ಬಂದ ‘ಡ್ರೀಮ್‌ಕಾಸ್ಟ್’ ಎಂಬ ನಿಜವಾಗಿಯೂ ಒಳ್ಳೆಯ ಯಂತ್ರವೂ ಮರಳಿ ತರಲಾರದಾಯಿತು. ೨೦೦೧ರಲ್ಲಿ ಸೆಗಾ ಯಂತ್ರ ತಯಾರಿಕೆಯನ್ನೇ ನಿಲ್ಲಿಸಿತು. ಅದರ ಯಜಮಾನ ಇಸಾವೊ ಒಕಾವಾ ಮರಣಕ್ಕೆ ಮುನ್ನ ತನ್ನ ಸ್ವಂತ ಸಂಪತ್ತಿನ ಬಹುದೊಡ್ಡ ಪಾಲನ್ನು ಕಂಪನಿಗೆ ಧಾರೆಯೆರೆದನು. ಅದರಿಂದ ಸಂಸ್ಥೆ ಉಳಿಯಿತು. ಇಂದು ಅದು ಇತರರ ಯಂತ್ರಗಳಿಗೆ ಆಟ ರಚಿಸಿಕೊಡುತ್ತಿದೆ.

ಇತ್ತ ನಿಂಟೆಂಡೊದಲ್ಲಿ ೨೦೦೨ರಲ್ಲಿ ಯಮಾವುಚಿ ತನ್ನ ಮನೆತನದ ಹೊರಗಿನ ಸತೋರು ಇವಾಟ ಎಂಬುವನಿಗೆ ಪೀಠ ಬಿಟ್ಟುಕೊಟ್ಟನು. ಇವಾಟ ಸ್ವತಃ ಆಟಗಳ ಪ್ರೋಗ್ರಾಂ ಬರೆದವನು. ದಿವಾಳಿಯ ಅಂಚಿಗೆ ಬಂದಿದ್ದ ಚಿಕ್ಕ ಸಂಸ್ಥೆಯೊಂದನ್ನು ೧೯೯೩ರಲ್ಲಿ ವಹಿಸಿಕೊಂಡು ಮೇಲೆತ್ತಿದವನು. ಸೋನಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಯಾರ ಯಂತ್ರ ಹೆಚ್ಚು ಶಕ್ತಿಶಾಲಿ ಎಂದು ಹೋರಾಡುತ್ತಿದ್ದಾಗ ಇವನು ಬೇರೆಯೇ ಪ್ರಶ್ನೆ ಕೇಳಿಕೊಂಡನು: ಆಟವನ್ನೇ ಆಡದ ಅಜ್ಜ-ಅಜ್ಜಿಯರು, ತಾಯಂದಿರು ಏಕೆ ದೂರ ನಿಂತಿದ್ದಾರೆ? ಗುಂಡಿಗಳ ಗೊಂದಲವೇ ಅದಕ್ಕೆ ಕಾರಣವೆಂದು ಅರಿತು, ಕೈ ಬೀಸಿದರೆ ಸಾಕು ಆಟ ನಡೆಯುವಂಥ ‘ವೀ’ ಯಂತ್ರವನ್ನು ೨೦೦೬ರಲ್ಲಿ ತಂದನು. ಶಕ್ತಿಯಲ್ಲಿ ಅದು ಮೂರರಲ್ಲಿ ಕನಿಷ್ಠ. ಮಾರಾಟದಲ್ಲಿ ಹತ್ತು ಕೋಟಿಗೂ ಮಿಕ್ಕಿತು.

ಇವಾಟನಿಗೂ ಸೋಲು ತಪ್ಪಲಿಲ್ಲ. ೨೦೧೧ರಲ್ಲಿ ತಂದ ಕೈಯಂತ್ರ ತುಟ್ಟಿಯೆಂದು ಜನ ಕೊಳ್ಳದಾದಾಗ ಆರೇ ತಿಂಗಳಲ್ಲಿ ಬೆಲೆಯನ್ನು ೨೫,೦೦೦ ಯೆನ್ನಿನಿಂದ ೧೫,೦೦೦ಕ್ಕೆ ಇಳಿಸಿ, ತನ್ನ ಸಂಬಳವನ್ನು ಅರ್ಧ ಕಡಿದುಕೊಂಡನು. ಮೊದಲೇ ಹೆಚ್ಚು ಹಣ ತೆತ್ತವರಿಗೆ ಇಪ್ಪತ್ತು ಆಟಗಳನ್ನು ಉಚಿತವಾಗಿ ಕೊಡಿಸಿದನು. ೨೦೧೨ರ ಯಂತ್ರ ಒಂದೂ ಮುಕ್ಕಾಲು ಕೋಟಿಯನ್ನೂ ಮುಟ್ಟದೆ ಸೋತಾಗ, ೨೦೧೪ರಲ್ಲಿ ಮತ್ತೊಮ್ಮೆ ಸಂಬಳ ಕಡಿದುಕೊಂಡನು. ನೌಕರರನ್ನು ತೆಗೆದುಹಾಕಿ ಲೆಕ್ಕ ಸರಿಮಾಡಬೇಕೆಂಬ ಸಲಹೆಯನ್ನು ಅವನು ಒಪ್ಪಲಿಲ್ಲ. ನಾಳೆ ಕೆಲಸ ಹೋದೀತೆಂಬ ಅಂಜಿಕೆಯಲ್ಲಿರುವವನು ಜನರ ಮನ ತಣಿಸುವ ಆಟವನ್ನು ರಚಿಸಲಾರನೆಂಬುದು ಅವನ ನಂಬಿಕೆಯಾಗಿತ್ತು. ೨೦೧೫ರಲ್ಲಿ ಐವತ್ತೈದನೆಯ ವಯಸ್ಸಿಗೇ ಅವನು ತೀರಿಕೊಂಡನು. ಅವನ ಕಾಲದಲ್ಲಿ ಬೀಜ ಬಿತ್ತಿದ ‘ಸ್ವಿಚ್’ ಯಂತ್ರ ೨೦೧೭ರಲ್ಲಿ ಹೊರಬಂದು ಹದಿನೈದು ಕೋಟಿಯನ್ನು ದಾಟಿತು. ಕೆಲಸ ಉಳಿಸಿಕೊಂಡ ಕೈಗಳೇ ಆ ಬೆಳೆಯನ್ನು ತೆಗೆದವು.

ಇದೆಲ್ಲ ಪರದೇಶದ ಮಾತಾಯಿತು ಎನ್ನಬೇಡಿರಿ. ಮಿರಜದಿಂದ ಪುಣೆಯ ಕಡೆಗೆ ಹೊರಟ ರೈಲು ಕಿರ್ಲೋಸ್ಕರವಾಡಿಯನ್ನು ಹಾಯ್ದೇ ಹೋಗುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋಗಿ, ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷದಿಂದಾಗಿ ಅದನ್ನು ಬಿಟ್ಟು ಯಂತ್ರಗಳ ರೇಖಾಚಿತ್ರವನ್ನು ಕೈಗೆತ್ತಿಕೊಂಡರು. ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣನವರೊಡನೆ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ ಬಳಿಕ ಕಬ್ಬಿಣದ ನೇಗಿಲನ್ನೂ ತಯಾರಿಸಿದರು.

ಆ ನೇಗಿಲು ಸುಲಭವಾಗಿ ಮಾರಾಟವಾಗಲಿಲ್ಲ. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುವುದೆಂಬ ಅಂಜಿಕೆ ರೈತರಲ್ಲಿತ್ತು. ತಲೆಮಾರುಗಳಿಂದ ಮರದ ರಂಟೆಯನ್ನೇ ನಂಬಿ ಬದುಕಿದವರನ್ನು ಹಳಿದು ಫಲವಿರಲಿಲ್ಲ. ಲಕ್ಷ್ಮಣರಾಯರು ಸಹನೆಯಿಂದ ಕಾದರು, ನೇಗಿಲನ್ನು ತಿದ್ದಿದರು, ರೈತನ ನಂಬಿಕೆಯನ್ನು ನಿಧಾನವಾಗಿ ಗಳಿಸಿದರು. ಬೆಳಗಾವಿಯ ಸ್ಥಳವನ್ನು ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅಧಿಪತಿಗಳು ಕುಂಡಲ ರೋಡ್ ನಿಲ್ದಾಣದ ಬಳಿ ೩೨ ಎಕರೆ ಬಂಜರು ಭೂಮಿಯನ್ನೂ ೧೦,೦೦೦ ರೂಪಾಯಿ ಸಾಲವನ್ನೂ ಕೊಟ್ಟರು. ೧೯೧೦ರಲ್ಲಿ ಕಲ್ಲು-ಕತ್ತಾಳೆಗಳ ಆ ಬಯಲಿನಲ್ಲಿ ಕಾರ್ಖಾನೆಯ ಜೊತೆಗೇ ಕೆಲಸಗಾರರ ಮನೆಗಳೂ ಎದ್ದವು. ನೇಗಿಲ ಬಳಿಕ ನೀರೆತ್ತುವ ಪಂಪುಗಳು ಬಂದವು. ಆ ಮನೆತನದ ಉದ್ಯಮ ಮುಂದೆ ಹರಿಹರ, ಬೆಂಗಳೂರುಗಳಿಗೂ ಹಬ್ಬಿತು. ಗಡಿಯ ರೇಖೆ ಆ ಕಾರ್ಯಕ್ಕೆ ಅಡ್ಡ ಬರಲಿಲ್ಲವೆಂಬುದನ್ನು ನಾವು ಗಡಿನಾಡಿನವರು ನೆನೆಯಬೇಕು.

ನೇಗಿಲಿಗೂ ಆಟದ ಪೆಟ್ಟಿಗೆಗೂ ಎಲ್ಲಿಯ ಸಂಬಂಧ ಎಂದು ವಾಚಕರು ಕೇಳಬಹುದು. ಒಂದು ಅನ್ನ ಕೊಡುವ ವಸ್ತು, ಇನ್ನೊಂದು ವಿನೋದದ ವಸ್ತು. ಆ ಭೇದವನ್ನು ಅಳಿಸುವುದು ನನ್ನ ಉದ್ದೇಶವಲ್ಲ. ಆದರೆ ಎರಡೂ ಕಡೆ ಯಜಮಾನನ ಮುಂದಿದ್ದ ಪ್ರಶ್ನೆ ಒಂದೇ. ಯಂತ್ರದ ಹೆಗ್ಗಳಿಕೆ ದೊಡ್ಡದೋ, ಅದನ್ನು ಹಿಡಿಯುವ ಕೈಯ ಅನುಕೂಲ ದೊಡ್ಡದೋ? ಶಕ್ತಿಯ ಹಿಂದೆ ಬಿದ್ದವರು ಹಲವು ಸಲ ಸೋತರು. ಬಳಸುವವನ ಅಂಜಿಕೆ-ಅಡಚಣೆಗಳನ್ನು ಅರಿತು ಯಂತ್ರವನ್ನು ತಿದ್ದಿದವರು ಬಹುತೇಕ ಗೆದ್ದರು.

ಇಂದು ಸಾಂಗಲಿ, ಮಿರಜ, ಕುಪವಾಡಗಳ ಔದ್ಯೋಗಿಕ ವಸಾಹತುಗಳಲ್ಲಿ ನಮ್ಮ ತರುಣರು ದುಡಿಯುತ್ತಿದ್ದಾರೆ. ಖಂಡೇರಾಜುರಿಯಂಥ ಊರುಗಳಿಂದಲೂ ಮಕ್ಕಳು ಎಂಜಿನಿಯರಿಂಗ್ ಕಲಿತು ಪುಣೆ-ಬೆಂಗಳೂರುಗಳ ದಾರಿ ಹಿಡಿಯುತ್ತಿದ್ದಾರೆ. ಅವರಲ್ಲಿ ಒಬ್ಬಿಬ್ಬರಾದರೂ ಊರಿಗೆ ಮರಳಿ ಸ್ವಂತ ಕಾರ್ಖಾನೆ ತೆರೆಯುವ ಕನಸು ಕಂಡಾರು. ಅಂಥವರು ಸಾಲಕ್ಕೆ ಅರ್ಜಿ ಬರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಾನು ಮಾಡಹೊರಟ ವಸ್ತುವನ್ನು ಬಳಸುವವನು ಯಾರು, ಅವನ ಅಂಗಳದಲ್ಲಿ ನಿಂತು ನೋಡಿದ್ದೇನೆಯೇ? ಅಗ್ಗವೂ ಪರಿಚಿತವೂ ಆದ ಸಾಧನದಿಂದ ಆಗುವ ಕೆಲಸಕ್ಕೆ ತುಟ್ಟಿಯ ಹೊಸದನ್ನು ಏಕೆ ಬಯಸುತ್ತಿದ್ದೇನೆ? ಲೆಕ್ಕ ತಪ್ಪಿ ನಷ್ಟವಾದರೆ ಅದರ ಮೊದಲ ಪಾಲನ್ನು ಹೊರುವವನು ನಾನೋ, ನನ್ನ ಕೈಕೆಳಗಿನ ಕೆಲಸಗಾರನೋ?

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣ. ಮೊದಲೆರಡಕ್ಕೆ ಬುದ್ಧಿ ಸಾಕು; ಮೂರನೆಯದಕ್ಕೆ ಎದೆ ಬೇಕು. ಮನೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಮಗ ಅಥವಾ ಮಗಳು ಆ ಪೆಟ್ಟಿಗೆಯ ಮುಂದೆ ಕುಳಿತಾಗ ಹೊತ್ತಿನ ಮಿತಿಯನ್ನು ಅವಶ್ಯವಾಗಿ ಹಾಕಿರಿ. ಜೊತೆಗೆ, ಇದನ್ನು ಮಾಡಿದವರು ಯಾರು, ಹೀಗೆಯೇ ಏಕೆ ಮಾಡಿದರು ಎಂದೂ ಕೇಳಿರಿ. ಮಗುವಿಗೆ ಉತ್ತರ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಿರಿ. ಬಿಡುವಾದಾಗ ಒಮ್ಮೆ ಕಿರ್ಲೋಸ್ಕರವಾಡಿಯ ನಿಲ್ದಾಣದಲ್ಲಿ ಇಳಿದು, ಬಂಜರು ಬಯಲಿನಲ್ಲಿ ಎದ್ದ ಆ ಊರನ್ನೂ ತೋರಿಸಿರಿ.