ಬಾರಿಸುವವನ ಹೆಸರು

ಯಾವುದಾದರೊಂದು ಲಗ್ನಪತ್ರಿಕೆಯನ್ನು ಕೈಗೆ ತೆಗೆದುಕೊಂಡು ನೋಡಿ. ಸ್ವರ್ಗಸ್ಥರಾದ ಅಜ್ಜ ಅಜ್ಜಿಯರಿಂದ ಹಿಡಿದು ತೊಟ್ಟಿಲಲ್ಲಿರುವ ಮೊಮ್ಮಗುವಿನವರೆಗೆ ಎಲ್ಲರ ಹೆಸರೂ ಅಚ್ಚಾಗಿರುತ್ತದೆ. ಯಾವಾತನು ಗಟ್ಟಿಮೇಳ ಬಾರಿಸದೆ ಮಾಂಗಲ್ಯಧಾರಣೆಗೆ ಕಳೆಯೇ ಬಾರದೋ, ಆ ಡೋಲಿನವನ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಹೊಳೆದೇ ಇಲ್ಲ, ಅಷ್ಟೆ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಬಾರಿಸುವವರಿಗೆ ಕೊರತೆಯಿಲ್ಲ. ಕುರುಬರ ಬೀರದೇವರ ಗುಡಿಯ ಮುಂದೆ ಡೊಳ್ಳು. ಶ್ರಾವಣ ಬಂದರೆ ವೀರಗಾಸೆಯವರ ಕರಡೆ, ಸಂಬಾಳ. ದಸರೆಯಲ್ಲಿ ಬೀರೂರಿನ ಮೈಲಾರಲಿಂಗನ ಕಾರ್ಣಿಕಕ್ಕೆ ಗೊರವರ ಡಮರುಗ. ಅಂತರಘಟ್ಟೆಯ ಜಾತ್ರೆಗೆ ಎತ್ತಿನ ಗಾಡಿಗಳು ಹೊರಟರೆ ಊರೂರಿನ ತಮಟೆ. ಒಂದೊಂದು ವಾದ್ಯಕ್ಕೆ ಒಂದೊಂದು ಕುಲ, ಒಂದೊಂದು ದೇವರು. ಈ ಎಲ್ಲೆಗಳನ್ನೆಲ್ಲ ದಾಟಿ, ಕರೆದಲ್ಲಿಗೆ ಹೋಗಿ, ಕೊಟ್ಟಷ್ಟಕ್ಕೆ ಬಾರಿಸಿ ಬರುವವನೆಂದರೆ ತಬಲದವನು. ಭಜನೆಗೂ ಆತನೇ, ಹರಿಕಥೆಗೂ ಆತನೇ, ಗಣಪತಿ ಪೆಂಡಾಲಿನ ವಾದ್ಯಗೋಷ್ಠಿಗೂ ಆತನೇ.

ಆತನ ನಿಜವಾದ ಪರೀಕ್ಷೆ ನಡೆಯುವುದು ಹಳ್ಳಿಯ ಪೌರಾಣಿಕ ನಾಟಕದಲ್ಲಿ. ಅಲ್ಲಿ ದುರ್ಯೋಧನನಾಗುವವನು ಹಗಲು ಅಡಿಕೆ ತೋಟಕ್ಕೆ ನೀರು ಹಾಯಿಸಿದವನು. ಪಾತ್ರಕ್ಕಾಗಿ ತಾನೇ ಹಣ ತೆತ್ತವನು. ಆದುದರಿಂದ ತಾಳ ತಪ್ಪುವ ಹಕ್ಕೂ ಅವನಿಗುಂಟು! ಕಂದವನ್ನು ಎಳೆದೆಳೆದು ಹಾಡಿ, ಎಲ್ಲಿ ಇಳಿಯಬೇಕೆಂದು ತಿಳಿಯದೆ ಕಣ್ಣುಬಿಡುವಾಗ, ತಬಲದವನು ಒಂದು ಮುಕ್ತಾಯವನ್ನು ಹಾಕಿ ಅವನನ್ನು ಕೈಹಿಡಿದು ಇಳಿಸುತ್ತಾನೆ. ಸಭೆ ಚಪ್ಪಾಳೆ ತಟ್ಟುವುದು ದುರ್ಯೋಧನನಿಗೆ. ನಡುರಾತ್ರಿ ಮೀರಿದ ಮೇಲೆ ಇಬ್ಬನಿ ಬೀಳುತ್ತದೆ. ಚರ್ಮ ತೇವ ಹೀರಿ ಸಡಿಲವಾಗುತ್ತದೆ. ಹಾರ್ಮೋನಿಯಂ ಮಾತ್ರ ತನ್ನ ಶ್ರುತಿಯಿಂದ ಅಲುಗುವುದಿಲ್ಲ. ಎರಡು ಹಾಡುಗಳ ನಡುವಣ ಮಾತಿನ ಸಂದಿನಲ್ಲಿ ಆತ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಶ್ರುತಿಗೆ ತರುವುದನ್ನು ಎಂದಾದರೂ ಗಮನಿಸಿದ್ದೀರಾ? ಬೆಳಗಿನ ತನಕ ಇದೇ ಕೆಲಸ. ಮುಂಜಾವಿನಲ್ಲಿ ಭೀಮನೂ ದುಶ್ಶಾಸನನೂ ಬಣ್ಣ ಒರೆಸಿಕೊಂಡು ಮನೆಗೆ ಹೋದರೆ, ಇವನು ಗಂಟು ಕಟ್ಟಿಕೊಂಡು ಮುಂದಿನ ಊರಿನ ಬಸ್ಸು ಹಿಡಿಯಬೇಕು.

ಬೀರೂರು ಜಂಕ್ಷನ್ನಿನಿಂದ ಒಂದು ಹಳಿ ತರೀಕೆರೆಯ ಮೇಲೆ ಭದ್ರಾವತಿಗೆ ಹೋಗುತ್ತದೆ. 1965ರಲ್ಲಿ ಅಲ್ಲಿ ಆಕಾಶವಾಣಿ ನಿಲಯ ಆರಂಭವಾದಾಗ ಈ ಸೀಮೆಯ ವಾದ್ಯಗಾರರಿಗೆ ಹತ್ತಿರದಲ್ಲೇ ಒಂದು ಹೊಸ ಬಾಗಿಲು ತೆರೆಯಿತು. ಧ್ವನಿಪರೀಕ್ಷೆ, ದರ್ಜೆ, ಕರಾರುಪತ್ರ, ಸಂಭಾವನೆ ಎಲ್ಲವೂ ಕಾಗದದ ಮೇಲೆ. ಅದಕ್ಕಿಂತ ಹೆಚ್ಚಾಗಿ, ಕಾರ್ಯಕ್ರಮದ ಕೊನೆಯಲ್ಲಿ ಪಕ್ಕವಾದ್ಯದವರ ಹೆಸರನ್ನು ಓದುವ ಮರ್ಯಾದೆ ರೇಡಿಯೋದಲ್ಲಿತ್ತು.

ಸಿನಿಮಾದಲ್ಲಿ ಅದೂ ಇರಲಿಲ್ಲ. ಕನ್ನಡ ಚಿತ್ರಗೀತೆಗಳು ಬಹುಕಾಲ ಧ್ವನಿಮುದ್ರಣವಾದದ್ದು ಆಗಿನ ಮದರಾಸಿನಲ್ಲಿ. ಹಾಡುವವರೂ ನುಡಿಸುವವರೂ ಒಟ್ಟಿಗೆ ಕುಳಿತು, ಇಡೀ ಹಾಡನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕಾಗಿದ್ದ ಕಾಲ ಅದು. ತಬಲದವನ ಒಂದು ಪೆಟ್ಟು ತಪ್ಪಿದರೆ ಎಲ್ಲರೂ ಮೊದಲಿನಿಂದ. ಅಂಥ ಕೈಗಳಿಂದ ಹೊರಬಂದ ತಟ್ಟೆಗಳ ಮೇಲೆ ಗಾಯಕರ ಹೆಸರಿರುತ್ತಿತ್ತು, ಸಂಗೀತ ನಿರ್ದೇಶಕರ ಹೆಸರಿರುತ್ತಿತ್ತು. ಲಯ ಹಿಡಿದವನ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ ಹ್ಯಾಲ್ ಬ್ಲೇನ್ ಎಂಬ ಡ್ರಮ್ ವಾದಕನಿದ್ದ (1929–2019). ಲಾಸ್ ಏಂಜಲೀಸಿನ ಸ್ಟುಡಿಯೋಗಳಲ್ಲಿ ಕೂಲಿಗೆ ಬಾರಿಸುತ್ತಿದ್ದಾತ. 1966ರಿಂದ 1971ರವರೆಗೆ ಸತತವಾಗಿ ಆರು ವರ್ಷ ‘ವರ್ಷದ ಧ್ವನಿಮುದ್ರಿಕೆ’ ಎಂದು ಗ್ರ್ಯಾಮಿ ಪ್ರಶಸ್ತಿ ಪಡೆದ ಹಾಡುಗಳೆಲ್ಲಕ್ಕೂ ಬಾರಿಸಿದವನು ಅವನೇ. ಆದರೂ ಕೇಳುವ ಜನಕ್ಕೆ ಅವನು ಯಾರೆಂದು ಗೊತ್ತಿರಲಿಲ್ಲ. ಅವನೊಂದು ಉಪಾಯ ಮಾಡಿದ: ತನ್ನ ಹೆಸರಿನ ರಬ್ಬರು ಮೊಹರೊಂದನ್ನು ಮಾಡಿಸಿ, ತಾನು ನುಡಿಸಿದ ಸ್ವರಪತ್ರಗಳ ಮೇಲೆ ಒತ್ತುತ್ತ ಹೋದ. ನಮ್ಮ ತಬಲದವನಿಗೆ ಸ್ವರಪತ್ರವೇ ಇಲ್ಲ. ಮೊಹರನ್ನು ಎಲ್ಲಿ ಒತ್ತಿಯಾನು?

ತಮಟೆಯ ಮಾತು ಬೇರೆಯೇ. ಅಲ್ಲಿ ಹೆಸರಿಲ್ಲದಿರುವುದು ಮರೆವಿನಿಂದಲ್ಲ. ಹೆಣದ ಮುಂದೆಯೂ ದೇವರ ಮುಂದೆಯೂ ಬಾರಿಸಬೇಕು, ಗುಡಿಯ ಹೊಸ್ತಿಲ ಹೊರಗೇ ನಿಲ್ಲಬೇಕು ಎಂಬ ಕಟ್ಟಳೆಯನ್ನು ದಲಿತರ ಮೇಲೆ ಹೊರಿಸಿದವರು ನಾವೇ. ಅನೇಕ ಮನೆಗಳ ಹುಡುಗರು ತಮಟೆಯನ್ನು ಕೆಳಗಿಟ್ಟದ್ದು ಈ ಅವಮಾನಕ್ಕೆ. ಅವರನ್ನು ‘ಕಲೆ ಅಳಿಯಿತು’ ಎಂದು ದೂರುವವರ ಮಾತು ನನಗೆ ಹಿಡಿಸುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರು ಅದೇ ತಮಟೆಯನ್ನು ವೇದಿಕೆಗೆ ತಂದರು. 2023ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಒಬ್ಬರ ಹೆಸರಾದರೂ ದಿಲ್ಲಿಯ ಪಟ್ಟಿಯಲ್ಲಿ ಅಚ್ಚಾಯಿತು.

ಈಗ ಯಂತ್ರಗಳು ಬಂದಿವೆ. ಗುಂಡಿ ಒತ್ತಿದರೆ ತಬಲ, ಇನ್ನೊಂದು ಒತ್ತಿದರೆ ಡೋಲು. ಅವು ಇಬ್ಬನಿಗೆ ಸಡಿಲವಾಗುವುದಿಲ್ಲ, ಊಟ ಕೇಳುವುದಿಲ್ಲ. ಆದರೆ ತಾಳ ತಪ್ಪಿದ ದುರ್ಯೋಧನನಿಗಾಗಿ ಒಂದು ಮಾತ್ರೆ ಕಾಯುವ ದಾಕ್ಷಿಣ್ಯವೂ ಅವಕ್ಕಿಲ್ಲ. ಅದರಿಂದಲೇ ನಾಟಕದವರು ಮಾತ್ರ ಇನ್ನೂ ಮನುಷ್ಯನನ್ನೇ ಹುಡುಕಿಕೊಂಡು ಹೋಗುತ್ತಾರೆ. ಹೋದವರು ಮೊದಲು ಚೌಕಾಶಿ ಮಾಡುತ್ತಾರೆ. ಸೀನರಿಯವನಿಗೆ, ದೀಪದವನಿಗೆ, ಮೈಕಿನವನಿಗೆ ಕೇಳಿದಷ್ಟು ಎಣಿಸಿಕೊಟ್ಟು, ತಬಲದವನ ಬಳಿ ಬಂದಾಗ ‘ನೀನು ನಮ್ಮವನೇ ಅಲ್ಲವೇನಪ್ಪಾ’ ಎನ್ನುತ್ತಾರೆ. ಹರಿದ ಮುಚ್ಚಿಗೆಯನ್ನು ಹೊಸದಾಗಿ ಹಾಕಿಸುವ ಖರ್ಚು ಮಾತ್ರ ಅವನೊಬ್ಬನದೇ.